ಮುಖವಾಡ ಕೊಟ್ಟ ಮಾತು

ಏಪ್ರಿಲ್ 12

ಅಕ್ಕಾ,

ಶಾಲೆಗೆ ರಜೆ ಬಿಟ್ಟು ಇನ್ನೂ ವಾರವಾಗಿಲ್ಲ, ನನ್ನ ಬಳಿಯಿದ್ದ ಆಟಗಳೆಲ್ಲ ಆಗಲೇ ಮುಗಿದುಹೋದವು. ಈ ಎರಡು ಕೋಣೆಗಳಲ್ಲಿ ಕಣ್ಣಾಮುಚ್ಚಾಲೆಗೆ ಎಷ್ಟು ಜಾಗವಿದ್ದೀತು? ಸಾಸಿವೆ ಎಲ್ಲಿ ಅಡಗಿದರೂ ಅವಳ ತಮ್ಮ ಮರಿ ಬೆರಳು ಮಾಡಿ ತೋರಿಸುತ್ತಾನೆ. ತಾನು ಅಡಗುವ ಸರದಿ ಬಂದರೆ ಕೋಣೆಯ ನಡುವೆಯೇ ನಿಂತು ಎರಡೂ ಕೈಯಿಂದ ಕಣ್ಣು ಮುಚ್ಚಿಕೊಳ್ಳುತ್ತಾನೆ. ಎರಡು ವರ್ಷದವನಿಗೆ ಅಷ್ಟು ಸಾಕು. ನಿನ್ನ ಮಗಳಿಗೆ ಸಾಲದು. ಐದು ತುಂಬಿದ ಮೇಲಂತೂ ಅವಳು ಕಾದ ಎಣ್ಣೆಗೆ ಬಿದ್ದ ಸಾಸಿವೆಯೇ ಆಗಿದ್ದಾಳೆ.

"ಚಿಕ್ಕೀ, ಈಗೇನ್ ಮಾಡೋಣ?" ಬೆಳಿಗ್ಗೆ ಎದ್ದ ಕೂಡಲೇ ಶುರು. ಒಂದು ಮಾಡಿ ಮುಗಿಸುವಷ್ಟರಲ್ಲಿ ಮತ್ತೆ, "ಈಗ?"

ಸಾಹಿತ್ಯ ಓದಿದವಳಿಗೆ ಕತೆಯಾದರೂ ಬರಬೇಡವೇ ಎಂದು ನೀನು ನಗಬಹುದು. ಒಬ್ಬ ರಾಜನ ಕತೆ ಹೇಳಿದೆ. "ಆ ರಾಜ ಕೆಲಸಕ್ಕೇ ಹೋಗಲ್ವಾ?" ಎಂದಳು. ಕತೆ ಅಲ್ಲಿಗೇ ನಿಂತಿತು.

ಫೋನು ಬೇಡ, ಪತ್ರ ಬರೆಯೋಣ ಎಂದು ನಾವು ಮಾತಾಡಿಕೊಂಡದ್ದು ಒಳ್ಳೆಯದೇ ಆಯಿತು. ನಿನ್ನ ದನಿ ಕೇಳಿದ ದಿನವೆಲ್ಲ ಊಟ ಬಿಟ್ಟು ಬಾಗಿಲ ಬಳಿ ಕೂರುತ್ತಿದ್ದಳಲ್ಲ, ಅದು ನಿಂತಿದೆ. ಆದರೆ ಮನೆಯೊಳಗೆ ಏನೋ ಒಂದು ಸದಾ ಓಡಾಡುತ್ತಿರುವ ಹಾಗಿದೆ. ಪ್ರೂಫ್ ತಿದ್ದಲು ಕೂತರೆ ಒಂದೇ ಸಾಲನ್ನು ಮತ್ತೆ ಮತ್ತೆ ಓದುತ್ತೇನೆ. ಅಚ್ಚಿನ ಮನೆಯವರು, "ಏನಮ್ಮ, ಈ ಸಲ ತಪ್ಪುಗಳನ್ನ ಹಾಗೇ ಬಿಟ್ಟಿದ್ದೀರಿ?" ಎಂದರು. ತಲೆತಗ್ಗಿಸಿ ಬಂದೆ.

ಕಾಸು ಖರ್ಚಿಲ್ಲದೆ ಮನೆಯಲ್ಲೇ ಮಾಡುವ ಆಟಗಳನ್ನು ಹೇಳಿಕೊಡು. ಚಿಕ್ಕವರಿದ್ದಾಗ ಬೆಂಕಿಪೊಟ್ಟಣದಲ್ಲಿ ರೈಲು ಮಾಡುತ್ತಿದ್ದವಳು ನೀನು. ನಾನು ಪ್ಯಾಸೆಂಜರ್ ಮಾತ್ರ.

ನಿನ್ನ ತಂಗಿ


ಏಪ್ರಿಲ್ 17

ಮೌನಿ,

ಊಟದ ಬಿಡುವಿನಲ್ಲಿ ನಿನ್ನ ಪತ್ರ ಓದಿ ಒಬ್ಬಳೇ ನಕ್ಕೆ. ಹಲ್ಲಿನ ಸೆಟ್ ಮಾಡುವ ಈ ತರಬೇತಿಯಲ್ಲಿ ನಗುವವರು ಕಡಿಮೆ. ದಿನವಿಡೀ ಬೇರೆಯವರ ನಗು ಜೋಡಿಸುವುದೇ ಆಯಿತು. ಮೇಣದ ವಸಡಿಗೆ ಒಂದೊಂದೇ ಹಲ್ಲು ಕೂರಿಸುವುದು, ಪ್ಲಾಸ್ಟರಿನಲ್ಲಿ ಅಚ್ಚು ತೆಗೆಯುವುದು, ಉಜ್ಜುವುದು. ಟೀಚರ್ ಬಂದು ಉಗುರಿನಿಂದ ಒಂದು ಹಲ್ಲು ಮುಟ್ಟಿ, "ಈ ಅಜ್ಜ ಊಟ ಮಾಡೋದು ಬೇಡ್ವೇನಮ್ಮ?" ಎನ್ನುತ್ತಾರೆ. ಎಲ್ಲ ಕಿತ್ತು ಮತ್ತೆ ಮೊದಲಿನಿಂದ.

ಸರಿ, ಆಟ. ಕುರ್ಚಿ ಮೇಜುಗಳ ಕಾಲಿಗೆಲ್ಲ ಅಡ್ಡಾದಿಡ್ಡಿ ದಾರ ಕಟ್ಟು, ದಾರಕ್ಕೆ ಚಮಚ ನೇತುಹಾಕು. ಸದ್ದಾಗದ ಹಾಗೆ ನುಸುಳಿ ಆ ಕಡೆ ಹೋದವರು ಗೆದ್ದರು. ಮರಿ ಸೋಲುತ್ತಾನೆ, ಸೋಲಲಿ, ಅವನಿಗೆ ಚಮಚದ ಸದ್ದೇ ಬಹುಮಾನ.

ಸಾಸಿವೆಗೆ ಮುಖವಾಡ ಮಾಡಿಸು. ಬಲೂನು ಊದಿ, ಮೈದಾ ಅಂಟಿನಲ್ಲಿ ಕಾಗದದ ಪಟ್ಟಿ ಅದ್ದಿ ಪದರ ಪದರವಾಗಿ ಹಚ್ಚಿ. ಪಟ್ಟಿಯನ್ನು ಕತ್ತರಿಸಬಾರದು, ಹರಿಯಬೇಕು. ಹರಿದ ಅಂಚು ಒಂದಕ್ಕೊಂದು ಕೂರುತ್ತದೆ, ಕತ್ತರಿಸಿದ್ದು ಎದ್ದು ನಿಲ್ಲುತ್ತದೆ. ಪೂರ್ತಿ ಒಣಗುವವರೆಗೆ ಕಾಯಿರಿ. ಒಣಗುವುದರೊಳಗೆ ಅವಳು ಚುಚ್ಚಿ ನೋಡುತ್ತಾಳೆ, ಮೊದಲೇ ಹೇಳಿರುತ್ತೇನೆ. ಆಮೇಲೆ ಅರ್ಧಕ್ಕೆ ಕೊಯ್ದರೆ ಎರಡು ಮುಖ. ಸಿಂಹವೋ ಬೆಕ್ಕೋ, ಅವಳಿಗೆ ಬೇಕಾದ್ದು.

ಒಂದು ಮಾತು. ಶಾಲೆ ಶುರುವಾಗುವ ಮುಂಚೆ ನಾಲ್ಕು ದಿನ ಬರಬೇಕು ಎಂದಿದ್ದೇನೆ. ಅವಳಿಗೆ ಹೇಳಬೇಡ. ಅವರಪ್ಪ ನಮ್ಮನ್ನು ಬಿಟ್ಟುಹೋದ ಮೇಲೂ ಫೋನ್ ಮಾಡಿ 'ಭಾನುವಾರ ಬರ್ತೀನಿ' ಎನ್ನುತ್ತಿದ್ದರು. ಅವಳು ಶೂ ಹಾಕಿಕೊಂಡು ಮೆಟ್ಟಿಲ ಮೇಲೆ ಕತ್ತಲಾಗುವವರೆಗೆ ಕೂತಿದ್ದನ್ನು ನೀನೂ ನೋಡಿದ್ದೀಯ. ಬರ್ತೀನಿ ಎಂಬ ಮಾತು ಆ ಮನೆಯಲ್ಲಿ ಇನ್ನೊಂದು ಸಲ ಕೇಳಬಾರದು. ನಾನು ಬಾಗಿಲಲ್ಲಿ ನಿಂತಾಗಲೇ ಬಂದ ಹಾಗೆ.

ಅಕ್ಕ


ಏಪ್ರಿಲ್ 23

ಅಕ್ಕಾ,

ಮುಖವಾಡ ಆಯಿತು. ಮನೆಯೆಲ್ಲ ಅಂಟಾಯಿತು. ಮರಿಯ ಕೂದಲು ಇನ್ನೂ ನೆಟ್ಟಗೆ ನಿಂತಿದೆ. ಮೊದಲ ಬಲೂನು ಅರ್ಧ ಹಚ್ಚಿದ ಮೇಲೆ ಒಡೆಯಿತು. ಕೆಳಗಿನ ಮನೆಯ ಓನರ್ ಓಡಿ ಬಂದು, "ಏನಾಯ್ತು, ಸಿಲಿಂಡರಾ?" ಎಂದರು. ಅಂಟು ಮೆತ್ತಿದ ನಮ್ಮ ಕೈಗಳನ್ನು ನೋಡಿ, ಗೋಡೆಗಳನ್ನು ನೋಡಿ, ಏನೂ ಹೇಳದೆ ಇಳಿದು ಹೋದರು. ಏನಾದರೂ ಬೈದಿದ್ದರೆ ಸಮಾಧಾನವಾಗುತ್ತಿತ್ತು.

ಕಾಗದಕ್ಕೆ ನನ್ನ ಹಳೆಯ ಪ್ರೂಫ್ ಹಾಳೆಗಳು. ಹರಿಯಬೇಕು ಎಂದದ್ದು ಸಾಸಿವೆಗೆ ಬಹಳ ಹಿಡಿಸಿತು.

"ಸಿಂಹ ಮಾಡೋಣ್ವಾ?" ಕೇಳಿದೆ.

"ಬೇಡ."

"ಬೆಕ್ಕು?"

"ಬೇಡ. ಅಮ್ಮ."

ಅವಳೇ ಕೆಲಸ ಶುರುಮಾಡಿದಳು. "ಅಮ್ಮನ ಮೂಗು ಇಷ್ಟು ಚಿಕ್ಕದಲ್ಲ ಚಿಕ್ಕಿ, ಇನ್ನೂ ಹಚ್ಚು." ಹಚ್ಚಿದೆ. "ಇನ್ನೂ." ಹುಬ್ಬಿಗೆ ಮಸಿ, ಕೂದಲಿಗೆ ನನ್ನ ಹಳೆಯ ಸ್ವೆಟರಿನ ನೂಲು. ಬಾಯಿ ಬರೆಯುವಾಗ ಕುಂಚ ಕಿತ್ತುಕೊಂಡು ಮುಂದಿನ ಎರಡು ಹಲ್ಲುಗಳ ನಡುವೆ ಜಾಗ ಬಿಟ್ಟಳು. "ಇದು ಶಿಳ್ಳೆ ಹೊಡೆಯೋ ಸಂದಿ." ಎಡಗೆನ್ನೆಯ ಬಣ್ಣದಡಿಯಿಂದ ಯಾವುದೋ ಭೂಗೋಳದ ಪಾಠದ 'ನದಿಗಳು' ಎಂಬ ಪದ ಇಣುಕುತ್ತಿದೆ. ಎಷ್ಟು ಬಳಿದರೂ ಮುಚ್ಚಲಿಲ್ಲ.

ಆಮೇಲೆ ಅದನ್ನು ನನಗೆ ಕಟ್ಟಿದಳು. "ಈಗ ನೀನು ಅಮ್ಮ. ಬೈ."

"ಯಾಕೆ ಬೈಲಿ?"

"ಸುಮ್ನೆ ಬೈ. ಅಮ್ಮ ಬೈತಾಳಲ್ಲ, ಹಾಗೆ."

ಅಂಗಡಿಯಲ್ಲಿ ಚಿಲ್ಲರೆ ಕಡಿಮೆ ಕೊಟ್ಟರೂ ಕೇಳದವಳು ನಾನು. ಮುಖವಾಡದ ಒಳಗಿನಿಂದ ಅದು ಹೇಗೆ ಬಂತೋ ಕಾಣೆ: "ಏಯ್ ಸಾಸಿವೇ! ಈ ತಟ್ಟೆ ಯಾರೇ ಎತ್ತಿಡ್ತಾರೆ, ಓನರ್ ಬರ್ಬೇಕಾ?" ಅವಳು ಹೊಟ್ಟೆ ಹಿಡಿದು ನಕ್ಕಳು, ಓಡಿಹೋಗಿ ತಟ್ಟೆ ತೊಳೆಯಲಿಟ್ಟಳು. ಮರಿ ಮೊದಲು ಅತ್ತ. ಆಮೇಲೆ ಹತ್ತಿರ ಬಂದು ಆ ಮೂಗನ್ನು ನೆಕ್ಕಿದ.

ಒಂದು ಸಲ ಆಡಿ ಗೋಡೆಗೆ ನೇತುಹಾಕಿದೆವು. ಎಲ್ಲರೂ ಚೆನ್ನಾಗಿದ್ದೇವೆ.

ತಂಗಿ


ಏಪ್ರಿಲ್ 28

ಮೌನಿ,

ನನ್ನ ಮೂಗು ಅಷ್ಟು ದೊಡ್ಡದೇನೇ? ಕನ್ನಡಿ ನೋಡಿ ಬಂದೆ. ಇರಬಹುದು.

ನೀನು ಬೈದದ್ದನ್ನು ಓದಿ ಕ್ಲಾಸಿನಲ್ಲಿ ಪಕ್ಕ ಕೂರುವವಳಿಗೂ ಓದಿ ಹೇಳಿದೆ. ಅವಳು, "ನೀವು ಹೀಗೇ ಬೈತೀರಾ?" ಎಂದಳು. ನಾನು ಬೈಯುವುದು ಅಷ್ಟೊಂದು ನೆನಪಿರುವ ಸಂಗತಿಯೆಂದು ತಿಳಿದಿರಲಿಲ್ಲ.

ಅದನ್ನು ಯಾವ ಗೋಡೆಗೆ ಹಾಕಿದ್ದೀಯ? ಅವರು ಮಲಗುವ ಕೋಣೆಯಲ್ಲೋ, ಈಚೆಗೋ? ಸುಮ್ಮನೆ ಕೇಳಿದೆ. ಉಳಿದರ್ಧ ಬಲೂನಿನಲ್ಲಿ ಬೇರೆ ಏನಾದರೂ ಮಾಡಿಸು, ಗೂಬೆ ಮಾಡಿಸು. ಖಾಲಿ ಬೆಂಕಿಪೊಟ್ಟಣಗಳಿದ್ದರೆ ಒಂದು ಊರು ಕಟ್ಟಬಹುದು. ಪೊಟ್ಟಣದ ಒಳತಟ್ಟೆ ಹೊರಗೆಳೆದರೆ ಮನೆಗೆ ಜಗಲಿ. ಎಷ್ಟು ದಿನವಾದರೂ ಮುಗಿಯದ ಆಟ. ಒಂದೇ ಆಟಕ್ಕೆ ಅಂಟಿಕೊಳ್ಳುವುದು ಬೇಡ.

ಪ್ರಾಕ್ಟಿಕಲ್ ಪರೀಕ್ಷೆ ಮುಗಿಯಿತು. ಬರೆಯುವುದೇನಿಲ್ಲ.

ಅಕ್ಕ


ಮೇ 3

ಅಕ್ಕಾ,

ಪತ್ರ ಚಿಕ್ಕದಾಗಿತ್ತು. ಪರೀಕ್ಷೆ ಚೆನ್ನಾಗಿ ಆಗಿರಬೇಕು ಎಂದುಕೊಂಡೆ. ಗೆದ್ದಾಗ ನೀನು ಮಾತಾಡುವುದಿಲ್ಲ, ನಾವೇ ಕೇಳಿ ತಿಳಿಯಬೇಕು.

ಬೆಂಕಿಪೊಟ್ಟಣದ ಊರು ಎದ್ದಿದೆ. ಅದರಲ್ಲಿ ಒಂದು ಆಸ್ಪತ್ರೆ, ಒಂದು ಬಸ್ ನಿಲ್ದಾಣ, ಮತ್ತೆ 'ಹಲ್ಲಿನ ಫ್ಯಾಕ್ಟರಿ'. ಮರಿ ದಿನಕ್ಕೊಮ್ಮೆ ಅದರ ಮೇಲೆ ಕೂರುತ್ತಾನೆ. "ಭೂಕಂಪ ಬಂತು, ಮತ್ತೆ ಕಟ್ಟಿ," ಎನ್ನುತ್ತಾಳೆ ಸಾಸಿವೆ, ಥೇಟ್ ಮೇಸ್ತ್ರಿಯ ಗತ್ತಿನಲ್ಲಿ. ಗೂಬೆ ಬೇಡವಂತೆ.

ಮಕ್ಕಳು ಉಂಡು ಮಲಗುತ್ತಿದ್ದಾರೆ. ನನಗೇ ಕೂತಲ್ಲಿ ಕೂರಲಾಗುತ್ತಿಲ್ಲ. ಒಲೆ ಆರಿಸಿದೆನೋ ಇಲ್ಲವೋ ಎಂದು ಅರ್ಧ ಮೆಟ್ಟಿಲಿನಿಂದ ವಾಪಸು ಬರುತ್ತೇನೆ. ನೀನು ಬರುವುದು ಯಾವತ್ತೆಂದು ಖಚಿತವಾದರೆ ನನಗೆ ಮಾತ್ರ ಬರೆ.

ಸಾಸಿವೆ ನಿನಗೊಂದು ಚಿತ್ರ ಕಳಿಸಿದ್ದಾಳೆ. ಬಸ್ಸಿನಿಂದ ಏಣಿ ಹಿಡಿದು ಯಾರೋ ಇಳಿಯುತ್ತಿದ್ದಾರೆ. ಬೀದಿದೀಪ ರಿಪೇರಿಯವರು ಮೊನ್ನೆ ಬಂದಿದ್ದರು, ಅವರೇ ಇರಬೇಕು.

ತಂಗಿ


ಮೇ 8

ಮೌನಿ,

ಅದು ಏಣಿಯಲ್ಲ, ಬಾಚಣಿಗೆ. ಇಳಿಯುತ್ತಿರುವವಳು ನಾನು. ಹಲ್ಲಿನ ಸಂದಿ ಕೂಡ ಬರೆದಿದ್ದಾಳೆ. ಮೆಟ್ಟಿಲ ಮೇಲೆ ಶೂ ಹಾಕಿಕೊಂಡು, ಚೀಲ ಹೆಗಲಿಗೇರಿಸಿ, ಜಡೆ ಬಿಚ್ಚಿಕೊಂಡು ಕೂತಿರುವವಳು ಅವಳು.

ಅವಳಿಗೆ ಏನು ಹೇಳಿದ್ದೀಯ?

ಅಕ್ಕ


ಮೇ 12

ಅಕ್ಕಾ,

ಬಾಚಣಿಗೆ ಎಂದು ನನಗೂ ಗೊತ್ತಿತ್ತು.

ಒಂದು ಸಲ ಆಡಿ ನೇತುಹಾಕಿದೆವು ಎಂದು ಬರೆದದ್ದೂ ಸುಳ್ಳು. ಪ್ರತಿ ಸಂಜೆ ಆ ಆಟ. ಸಂಜೆಯಾಗುತ್ತಲೇ ಅವಳು ಸ್ಟೂಲ್ ಎಳೆದು ಹತ್ತಿ ಅದನ್ನು ಇಳಿಸಿ ತರುತ್ತಾಳೆ. ಕಟ್ಟಿಕೊಂಡ ಮೇಲೆ ನಾನೇ ನೀನು. ಅವಳ ದಿನದ ವರದಿ ಕೇಳಬೇಕು, ಮೊಣಕಾಲಿನ ಗಾಯ ನೋಡಬೇಕು, 'ಚಿಕ್ಕಿ ನಿಧಾನ' ಎಂಬ ದೂರಿಗೆ 'ಅವಳು ಹುಟ್ಟಿದ್ದೇ ಹಾಗೆ' ಎನ್ನಬೇಕು. ನನಗೂ ಅದು ಬೇಕಾಗಿತ್ತು ಅಕ್ಕಾ. ನಿನ್ನ ಹಾಗೆ ಮಾತಾಡುತ್ತಾ ಮನೆ ತುಂಬ ಓಡಾಡುವುದು. ಮುಖವಾಡ ತೆಗೆದರೆ ಮತ್ತೆ ಅದೇ ಮೌನಿ.

ಒಂದು ಸಂಜೆ ತಲೆ ಬಾಚುತ್ತಿದ್ದೆ.

"ಅಮ್ಮಾ, ಸ್ಕೂಲ್ ಶುರು ಆಗೋ ದಿನ ನಂಗೆ ಯಾರು ಜಡೆ ಹಾಕೋದು?"

"ನಾನೇ."

"ಚಿಕ್ಕಿ ಅಲ್ಲ ತಾನೇ?"

"ಚಿಕ್ಕಿಗೆ ಎಲ್ಲಿ ಬರುತ್ತೆ ಜಡೆ? ನಾನು ಬರ್ತೀನಿ ಕಣೇ."

ಎಷ್ಟು ಸರಾಗವಾಗಿ ಬಂತೆಂದರೆ, ಹೇಳಿದವಳು ನಾನು ಎಂಬುದೇ ಆಮೇಲೆ ಹೊಳೆಯಿತು. ಅವಳು ಇನ್ನೊಂದು ಸಲ ಕೇಳಿದ್ದರೆ ಏನಾದರೂ ಹೇಳಿ ತೇಲಿಸುತ್ತಿದ್ದೆ. ಕೇಳಲಿಲ್ಲ. ಅವರಪ್ಪನನ್ನಾದರೆ "ನಿಜವಾಗ್ಲೂ? ನಿಜವಾಗ್ಲೂ?" ಎಂದು ಪೀಡಿಸುತ್ತಿದ್ದಳಲ್ಲ. ನಿನ್ನನ್ನು ಒಂದೇ ಮಾತಿಗೆ ನಂಬಿದಳು.

ತಪ್ಪು ನನ್ನದೇ. ಆದರೂ ಕೇಳುತ್ತೇನೆ, ನೀನು ಹೇಗೂ ಬರುವವಳೇ ತಾನೆ? ಬರುವುದಾದರೆ ಇಷ್ಟು ಸಿಟ್ಟೇಕೆ? ಇಲ್ಲವಾದರೆ ಅದನ್ನೇಕೆ ಬರೆಯುತ್ತಿಲ್ಲ? ಅಲ್ಲಿ ನಿನಗೆ ಬೇರೆ ಯಾರಾದರೂ ಜೊತೆಯಾಗಿದ್ದಾರಾ ಎಂದೂ ನನಗೆ ಅನ್ನಿಸಿತು. ಅನ್ನಿಸಿದ್ದನ್ನು ಬರೆದುಬಿಟ್ಟೆ.

ತಂಗಿ


ಮೇ 17

ಮೌನಿ,

ಜೊತೆಯಂತೆ! ಇರುವುದು ಪ್ಲಾಸ್ಟರ್ ದವಡೆಗಳ ಜೊತೆ.

ಪ್ರಾಕ್ಟಿಕಲ್‌ನಲ್ಲಿ ಫೇಲ್ ಆದೆ. ಮೇಲಿನ ಸಾಲು ಕೆಳಗಿನ ಸಾಲಿಗೆ ಕೂಡಲಿಲ್ಲ. ನೋಡಲು ಸೊಗಸಾಗಿತ್ತು, ಟೀಚರ್ ಎರಡನ್ನೂ ಕೂಡಿಸಿ ಕಚ್ಚಿಸಿದಾಗ ಒಂದು ಬದಿಯಲ್ಲಿ ಬೆಳಕು ಕಾಣಿಸಿತು. ಉಳಿದವರೆಲ್ಲ ಪಾಸು. ಎಲ್ಲರೂ ನನಗಿಂತ ಚಿಕ್ಕವರು. ಮರುಪರೀಕ್ಷೆ ಇರುವುದು ಶಾಲೆ ಶುರುವಾಗುವ ವಾರದಲ್ಲೇ. ಅದಕ್ಕೆ ಮೊದಲು ದಿನವೂ ಅಭ್ಯಾಸಕ್ಕೆ ಕೂರಬೇಕು, ತಪ್ಪಿಸಿದರೆ ಪರೀಕ್ಷೆಗೆ ಸೇರಿಸುವುದಿಲ್ಲ. ವರ್ಷವೇ ಹೋಗುತ್ತದೆ. ನಾನು ಬರುವುದಿಲ್ಲ.

ನಿನಗೆ ಹೇಗೆ ಬರೆಯಲಿ? ಓದಿದ್ದರಲ್ಲೆಲ್ಲ ಮೊದಲು ಬಂದವಳು ನೀನು. 'ಅಕ್ಕ ಕೈಕೆಲಸದಲ್ಲಿ ಚುರುಕು' ಎಂಬ ಒಂದು ಹೆಸರು ನನಗಿತ್ತು. ಅದಾದರೂ ಉಳಿಯಲಿ ಎಂದು ಫೇಲ್ ಆದದ್ದನ್ನು ಮುಚ್ಚಿಟ್ಟೆ.

ಇನ್ನೊಂದು. ಆ ಶಿಳ್ಳೆ ಹೊಡೆಯುವ ಸಂದಿ ಈಗಿಲ್ಲ. 'ಇದನ್ನಿಟ್ಟುಕೊಂಡು ಬೇರೆಯವರ ಹಲ್ಲು ಸರಿಮಾಡ್ತೀರಾ?' ಎಂದು ಇಲ್ಲಿ ನಗುತ್ತಿದ್ದರು. ಹಲ್ಲಿನ ಡಾಕ್ಟರಿಕೆ ಕಲಿಯುವ ಹುಡುಗಿಯೊಬ್ಬಳು ಅಭ್ಯಾಸಕ್ಕೆಂದು ಮುಚ್ಚಿಕೊಡುತ್ತೇನೆ ಎಂದಾಗ ಬಾಯಿ ತೆರೆದೆ. ಈಗ ಶಿಳ್ಳೆ ಬರುವುದಿಲ್ಲ. ಅವಳು ಮಾಡಿದ ಅಮ್ಮನಿಗಿರುವುದು ನನಗಿಲ್ಲ. ನಿನ್ನ ಪತ್ರದಲ್ಲಿ ಅದನ್ನು ಓದಿದ ದಿನ ಒಂದು ಹಲ್ಲನ್ನೂ ಸರಿಯಾಗಿ ಕೂರಿಸಲಾಗಲಿಲ್ಲ.

ಬರುವುದಿಲ್ಲ ಎಂದು ಅವಳಿಗೆ ಹೇಳುವುದು ನನ್ನಿಂದ ಆಗುವುದಿಲ್ಲ. ಆ ಮುಖವಾಡ ಹಾಕಿಕೊಂಡು ನೀನೇ ಹೇಳಿಬಿಡು, ಅಮ್ಮನಿಗೆ ಕೆಲಸ ಬಂತು ಎನ್ನು. ಆ ಬಾಯಿ ಕೊಟ್ಟ ಮಾತನ್ನು ಆ ಬಾಯಿಯೇ ವಾಪಸು ತೆಗೆದುಕೊಳ್ಳಲಿ. ಅವಳು ಅದನ್ನು ನಂಬುತ್ತಾಳೆ.

ಅಕ್ಕ


ಮೇ 22

ಅಕ್ಕಾ,

ನೀನು ಹೇಳಿದಂತೆ ಮಾಡಲಿಲ್ಲ. ಗೋಡೆಯಿಂದ ಇಳಿಸಿದ್ದೆ, ದಾರವನ್ನೂ ಕೈಗೆ ತೆಗೆದುಕೊಂಡಿದ್ದೆ. ನಂಬುತ್ತಾಳೆ ಎಂದು ನೀನು ಬರೆದಿದ್ದೆಯಲ್ಲ, ಅದಕ್ಕೇ ಆಗಲಿಲ್ಲ.

ಬೆಳಿಗ್ಗೆ ಅವಳು ಬೆಂಕಿಪೊಟ್ಟಣದ ಊರಿಗೆ ರಸ್ತೆ ಮಾಡುತ್ತಿದ್ದಳು. ಪಕ್ಕದಲ್ಲಿ ಕೂತು ಹೇಳಿದೆ. "ಸಾಸಿವೆ, ಸ್ಕೂಲ್ ಶುರು ಆಗೋ ದಿನ ಅಮ್ಮ ಬರಲ್ಲ."

ತಲೆ ಎತ್ತದೆ, "ನಿಂಗೇನ್ ಗೊತ್ತು? ನೀನು ಚಿಕ್ಕಿ," ಎಂದಳು. ಎದ್ದು ಹೋಗಿ ಮುಖವಾಡ ತಂದಳು. "ಹಾಕ್ಕೋ. ನಾನು ಅಮ್ಮನ್ನೇ ಕೇಳ್ತೀನಿ."

"ಹಾಕ್ಕೊಳಲ್ಲ. ಅದರೊಳಗೆ ಅಮ್ಮ ಇಲ್ಲ. ನಾನೇ ಇದ್ದದ್ದು."

"ಗೊತ್ತು. ನಿನ್ನ ಕಾಲು ಕಾಣ್ತಿತ್ತು."

ಅವಳು ಬಿಡಲಿಲ್ಲ. "ಹಂಗಾದ್ರೆ ಬರ್ತೀನಿ ಅಂದಿದ್ದು ಯಾರು? ಅಮ್ಮ ನಿಂಗೆ ಹೇಳಿರ್ಲಿಲ್ವಾ, ಹೇಳು ಅಂತ?"

"ಇಲ್ಲ. ನಾನೇ ಹೇಳ್ದೆ."

"ಯಾಕೆ?"

"ನಿಂಗೆ ಖುಷಿ ಆಗ್ಲಿ ಅಂತ. ಇಲ್ಲ ಅನ್ನೋಕೆ ಧೈರ್ಯ ಬರ್ಲಿಲ್ಲ."

ಕೈಯಲ್ಲಿದ್ದ ಮುಖವಾಡವನ್ನು ನೆಲಕ್ಕಿಟ್ಟಳು. "ಅಪ್ಪನ ಥರ," ಎಂದಳು.

ಮೇಜಿನಡಿ ಹೋಗಿ ಕೂತಳು. ಮಧ್ಯಾಹ್ನ ಊಟಕ್ಕೆ ಬರಲಿಲ್ಲ. ಮರಿ ತನ್ನ ತಟ್ಟೆ ಎಳೆದುಕೊಂಡು ಹೋಗಿ ಅವಳ ಪಕ್ಕ ಕೂತು ಅರ್ಧ ನೆಲಕ್ಕೆ, ಅರ್ಧ ಅವಳ ಬಾಯಿಗೆ ಹಾಕಿದ. ನಾನು ದೂರ ನಿಂತಿದ್ದೆ. ಸಂಜೆ ಅಲ್ಲಿಂದಲೇ ಕೇಳಿದಳು:

"ಅಮ್ಮ ಯಾಕೆ ಬರಲ್ಲ?"

ಕೆಲಸ ಎಂಬ ಮಾತು ನಾಲಿಗೆಯವರೆಗೆ ಬಂತು. "ಪರೀಕ್ಷೇಲಿ ಫೇಲ್ ಆದ್ಲು. ಮತ್ತೆ ಬರೀಬೇಕು," ಎಂದೆ. ನಿನ್ನನ್ನು ಕೇಳದೆ ಹೇಳಿದ್ದೇನೆ. ಬೇಕಾದರೆ ಬೈ.

"ದೊಡ್ಡೋರೂ ಫೇಲ್ ಆಗ್ತಾರಾ?"

"ಆಗ್ತಾರೆ."

"ಅತ್ತಳಾ?"

"ಗೊತ್ತಿಲ್ಲ."

"ಯಾರು ಸಮಾಧಾನ ಮಾಡಿದ್ರು?"

"ಅದೂ ಗೊತ್ತಿಲ್ಲ."

"ನಿಂಗೆ ಏನೂ ಗೊತ್ತಿಲ್ಲ ಚಿಕ್ಕಿ. ಕೇಳು."

ಅದಕ್ಕೇ ಕೇಳುತ್ತಿದ್ದೇನೆ. ನಾನೂ ಒಮ್ಮೆಯೂ ಕೇಳಿರಲಿಲ್ಲ. ಉತ್ತರವನ್ನು ನನಗೆ ಬರೆಯಬೇಡ, ಅವಳಿಗೇ ಬರೆ. ಇನ್ನು ನಿನ್ನ ಪರವಾಗಿ ನಾನು ಒಂದು ಮಾತನ್ನೂ ಆಡಲಾರೆ.

ತಂಗಿ


ಮೇ 27

ಸಾಸಿವೇ,

ಈ ಪತ್ರ ನಿನಗೆ. ಚಿಕ್ಕಿ ಓದಿ ಹೇಳುತ್ತಾಳೆ. ಇದ್ದದ್ದು ಇದ್ದ ಹಾಗೆ ಓದಬೇಕು ಎಂದು ಅವಳಿಗೂ ಹೇಳು.

ಹೌದು, ಫೇಲ್ ಆದಾಗ ನಾನು ಅತ್ತೆ. ಪ್ಲಾಸ್ಟರ್ ಚೀಲಗಳನ್ನು ಇಡುವ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಅತ್ತೆ. ಯಾರೂ ಸಮಾಧಾನ ಮಾಡಲಿಲ್ಲ, ಯಾರಿಗೂ ನಾನು ಹೇಳಿರಲಿಲ್ಲ. ಕಣ್ಣು ಒರೆಸಿಕೊಂಡು ಹೊರಗೆ ಬಂದರೆ ಮುಖವೆಲ್ಲ ಬಿಳಿ. ನನ್ನ ಪಕ್ಕ ಕೂರುವವಳು, "ಏನ್ರೀ ಇದು, ನಿಮ್ಮದೇ ಅಚ್ಚು ತೆಗೆದ್ರಾ?" ಎಂದು ನಕ್ಕಳು. ನಾನೂ ನಕ್ಕೆ. ಮುಖ ತೊಳೆದುಕೊಂಡು ಮತ್ತೆ ಅತ್ತೆ. ಫೇಲ್ ಆದದ್ದಕ್ಕಿಂತ, ಅದನ್ನು ನಿಮಗೆ ಹೇಳದೆ ಮುಚ್ಚಿಟ್ಟದ್ದು ಹೆಚ್ಚು ನೋಯುತ್ತಿತ್ತು. ನೀನು ಕೇಳಿದ ಮೇಲೆ ಅದು ಸ್ವಲ್ಪ ಕಡಿಮೆಯಾಗಿದೆ.

ಶಾಲೆ ಶುರುವಾಗುವ ದಿನ ನಾನು ಅಲ್ಲಿರುವುದಿಲ್ಲ. ಚಿಕ್ಕಿ ಜಡೆ ಹಾಕುತ್ತಾಳೆ. ಸೊಟ್ಟಗೇ ಹಾಕುತ್ತಾಳೆ. ಸೊಟ್ಟ ಜಡೆಯಲ್ಲೇ ಹೋಗು. ಯಾರಾದರೂ ನಕ್ಕರೆ, 'ನಮ್ಮ ಚಿಕ್ಕಿ ಹಾಕಿದ್ದು, ಏನಿವಾಗ?' ಎನ್ನು. ಚಿಕ್ಕಿಯ ಮೇಲೆ ಎಷ್ಟು ದಿನ ಬೇಕಾದರೂ ಸಿಟ್ಟು ಮಾಡಿಕೋ, ಆದರೆ ಅವಳು ಅಪ್ಪನ ಥರ ಅಲ್ಲ. ಅವಳು ಬಂದು ನಿನ್ನ ಪಕ್ಕ ಕೂತು ಹೇಳಿದಳು. ನನಗೇ ಅದು ಆಗಿರಲಿಲ್ಲ.

ಪರೀಕ್ಷೆ ಮುಗಿದ ಮಾರನೆಯ ದಿನ ಬೆಳಿಗ್ಗೆ ಬಸ್ಸು ಹತ್ತುತ್ತೇನೆ. ಪಾಸಾದರೂ ಹತ್ತುತ್ತೇನೆ, ಫೇಲಾದರೂ ಹತ್ತುತ್ತೇನೆ. ಬಸ್ಸು ಕೆಟ್ಟರೆ ತಡವಾಗಬಹುದು, ಅದು ನನ್ನ ಕೈಯಲ್ಲಿಲ್ಲ. ಆದರೆ ಹತ್ತುವುದು ನನ್ನ ಕೈಯಲ್ಲಿದೆ. ಈ ಸಲ ಹೇಳುತ್ತಿರುವವಳು ನಾನೇ, ನಿನ್ನ ಅಮ್ಮ. ನಂಬು ಎಂದು ಕೇಳುವುದಿಲ್ಲ. ಬೇಕಾದರೆ ನೂರು ಸಲ 'ನಿಜವಾಗ್ಲೂ?' ಎಂದು ಕೇಳಿ ಬರೆಸು.

ಒಂದೊಂದಕ್ಕೂ ಉತ್ತರ ಬರೆಯುತ್ತೇನೆ.

ಅಮ್ಮ